ಕೆಂಪು ಜೋಳದ ಒಂದು ಗುಟುಕು

ಕುಡಿತದ ರುಚಿ ಬಗ್ಗೆ ಬರೆಯೋದಕ್ಕೆ ಈ ಪತ್ರಿಕೆಯ ಪುಟವೇ ಬೇಕಿತ್ತಾ ಅಂತ ಗೆಳೆಯರು ಕೇಳಬಹುದು. ಕೇಳುವ ಹಕ್ಕು ಅವರಿಗಿದೆ. ಕೂಲಿ ಕೇಳಿದವನ ಕೈಗೆ ಸಾರಾಯಿ ಲೋಟ ಇಟ್ಟು ಕಳಿಸಿದ ಧಣಿಗಳನ್ನು ನಾವು ಕಂಡಿದ್ದೇವೆ. ಚುನಾವಣೆಯ ಹಿಂದಿನ ರಾತ್ರಿ ಕೇರಿಗೆ ಬಂದಿಳಿದ ಪ್ಯಾಕೆಟ್ಟುಗಳನ್ನು ಕಂಡಿದ್ದೇವೆ. ಎಂಬತ್ತರ ದಶಕದಲ್ಲಿ ಹೆಂಡ ಬೇಡ, ಭೂಮಿ ಕೊಡಿ, ಶಾಲೆ ಕೊಡಿ ಅಂತ ಕೂಗಿದ ಮೆರವಣಿಗೆಗಳಲ್ಲಿ ನಾನೂ ಇದ್ದೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು. ಕುಡಿತ ನಿಲ್ಲಲಿಲ್ಲ. ಪ್ಯಾಕೆಟ್ಟು ಹೋದ ಜಾಗಕ್ಕೆ ಬಾಟಲಿ ಬಂತು, ಅಷ್ಟೆ.

ಆದರೂ ಬರೆಯುತ್ತಿದ್ದೇನೆ. ನಾನು ಕುಡಿದದ್ದು ಎರಡು ಗುಟುಕು. ಅಮೆರಿಕದ ಬರ್ಬನ್ ಅನ್ನೋ ವಿಸ್ಕಿ. ಅದನ್ನು ಮಾಡಿದ ಕಾಳು ಸಾಮಾನ್ಯದ ಕಾಳಲ್ಲ. ಒಂದು ದ್ವೀಪದಲ್ಲಿ ಕಳ್ಳಬಟ್ಟಿಯವರ ಕೈಯಲ್ಲಿ ಉಳಿದು, ಅಳಿದೇ ಹೋಗುವ ಹೊತ್ತಿಗೆ ಎರಡು ತೆನೆಯಿಂದ ಮತ್ತೆ ಚಿಗುರಿದ ಕೆಂಪು ಜೋಳ. ಆ ಜೋಳದ ಕತೆ ಕೇಳುತ್ತಿದ್ದಾಗ ನಮ್ಮವ್ವನ ಬೀಜದ ಮಡಕೆ ನೆನಪಾಯಿತು. ಹಾಗಾಗಿ ಮಡಕೆಯ ಕತೆಯನ್ನು ಮೊದಲು ಹೇಳಿಬಿಡುತ್ತೇನೆ.

ನಮಗೆ ಸರ್ಕಾರದಿಂದ ದರಖಾಸ್ತಿನಲ್ಲಿ ಸಿಕ್ಕ ಎರಡೆಕರೆ ಇತ್ತು. ಕಲ್ಲು ನೆಲ. ಆ ನೆಲಕ್ಕೆ ಒಗ್ಗಿದ ಒಂದು ರಾಗಿ ತಳಿ ಅವ್ವನ ಹತ್ತಿರ ಇತ್ತು. ಮಳೆ ಕೈಕೊಟ್ಟರೂ ಹಿಡಿ ಕಾಳು ಕೊಡುವ ರಾಗಿ. ಅವ್ವ ಒಳ್ಳೊಳ್ಳೆ ತೆನೆ ಆರಿಸಿ, ಕೈಯಲ್ಲೇ ಉಜ್ಜಿ, ಕಾಳನ್ನು ಮಡಕೆಗೆ ತುಂಬಿ, ಬೇವಿನ ಸೊಪ್ಪು ಹಾಕಿ, ಬಾಯಿಗೆ ಸಗಣಿ ಮೆತ್ತಿ ಅಟ್ಟದ ಮೇಲಿಡುತ್ತಿದ್ದಳು. ಹೊಟ್ಟೆಗಿಲ್ಲದ ದಿನವೂ ಆ ಮಡಕೆಯ ಬಾಯಿ ತೆಗೆಯುತ್ತಿರಲಿಲ್ಲ. ಒಂದು ಬೇಸಿಗೆ ಅಪ್ಪ ಆ ಮಡಕೆಯನ್ನು ಹೊತ್ತುಕೊಂಡು ಹೋಗಿ ಸಾರಾಯಿ ಅಂಗಡಿಯವನ ಮುಂದಿಟ್ಟ. ಮಾರನೇ ವರ್ಷ ಸಾಲದ ಬಾಬ್ತಿಗೆ ಎರಡೆಕರೆಯೂ ಅವನದೇ ಆಯಿತು. ಅವ್ವ ಅಪ್ಪನನ್ನು ಬೈಯಲಿಲ್ಲ. "ಮಡಕೆ ಹೋದ ದಿನವೇ ಹೊಲ ಹೋಯ್ತು ಕಣ್ಲಾ ಮಗ" ಅಂದಳು. ಆ ತಳಿಯ ರಾಗಿಯನ್ನು ನಾನು ಮತ್ತೆ ಕಂಡಿಲ್ಲ.

ನಮ್ಮ ಮನೆಯಲ್ಲಿ ಕುಡಿತ ಬೀಜವನ್ನು ತಿಂದಿತು. ಅಲ್ಲಿ, ಆ ದ್ವೀಪದಲ್ಲಿ, ಕುಡಿತವೇ ಬೀಜವನ್ನು ಉಳಿಸಿತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡೋದು ನನಗೆ ಬೇಕಾಯಿತು.

ನನ್ನ ಮಗಳು ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ಊರಲ್ಲಿ ನರ್ಸು. 2024ರಲ್ಲಿ ನನ್ನನ್ನು ಕರೆಸಿಕೊಂಡಳು. ನಾನು ರಿಟೈರಾದ ಶಾಲಾ ಮೇಷ್ಟ್ರು. ಕಡಲ ದಂಡೆಯ ಆ ಊರು ನೋಡೋದಕ್ಕೆ ಬಲು ಚೆಂದ. ದೊಡ್ಡ ದೊಡ್ಡ ಕಂಬದ ಮನೆಗಳು, ಹೂವಿನ ಬಳ್ಳಿ, ಕುದುರೆ ಗಾಡಿ. ಆದರೆ ಇಂದಿನ ಅಮೆರಿಕದ ಬೇರೆ ಯಾವ ಬಂದರಿಗಿಂತಲೂ ಹೆಚ್ಚು ಆಫ್ರಿಕದ ಗುಲಾಮರನ್ನು ಇಳಿಸಿದ್ದು ಈ ಬಂದರಿನಲ್ಲಿ. ಅವರನ್ನು ಇಳಿಸುತ್ತಿದ್ದ ಗ್ಯಾಡ್ಸ್‌ಡನ್ ಕಟ್ಟೆಯ ಜಾಗದಲ್ಲಿ 2023ರಲ್ಲಿ ಒಂದು ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಮಗಳು ಮೊದಲು ಅಲ್ಲಿಗೇ ಕರೆದುಕೊಂಡು ಹೋದಳು. ಆಮೇಲೆ ಆ ಕಂಬದ ಮನೆಗಳು ನನ್ನ ಕಣ್ಣಿಗೆ ಚೆಂದ ಕಾಣಲಿಲ್ಲ.

ಈ ಊರಿನ ಸುತ್ತಲ ದ್ವೀಪಗಳಲ್ಲಿ ಆ ಗುಲಾಮರ ಮೊಮ್ಮಕ್ಕಳು, ಮರಿಮಕ್ಕಳು ಇದ್ದಾರೆ. ಗಲ್ಲಾ ಜನ ಅಂತ ಕರೀತಾರೆ. ಇಂಗ್ಲಿಷನ್ನೂ ಆಫ್ರಿಕದ ನುಡಿಗಳನ್ನೂ ಬೆಸೆದ ತಮ್ಮದೇ ಮಾತು ಅವರಿಗಿದೆ. ಆ ಮಾತಾಡಿದ್ದಕ್ಕೆ ಶಾಲೆಯಲ್ಲಿ ಅವರನ್ನು ಗೇಲಿ ಮಾಡುತ್ತಿದ್ದರಂತೆ. ನಮ್ಮ ಕೇರಿಯ ಮಾತಿಗೆ ಆದದ್ದೇ ಅಲ್ಲೂ ಆಗಿದೆ. ಆ ದ್ವೀಪಗಳಲ್ಲಿ ಒಂದು ಜೇಮ್ಸ್ ಐಲ್ಯಾಂಡ್. ಕೆಂಪು ಜೋಳದ ಊರು ಅದೇ. ಜೇಮ್ಸ್ ಹೋಗಿ ಜಿಮ್ಮಿ ಆಗಿ, ಜೋಳಕ್ಕೆ ಜಿಮ್ಮಿ ರೆಡ್ ಅಂತ ಹೆಸರು.

ಬರ್ಬನ್ ಅಂದರೆ ಏನು ಅನ್ನೋದನ್ನೂ ಹೇಳಬೇಕು. ನಾನೂ ಅಲ್ಲಿಗೆ ಹೋಗಿ ಕಲಿತದ್ದು. 1964ರಲ್ಲಿ ಅಮೆರಿಕದ ಸಂಸತ್ತು ಇದು ನಮ್ಮ ದೇಶದ್ದೇ ಸರಕು ಅಂತ ನಿರ್ಣಯ ಮಾಡಿತು. ಕಾನೂನಿನ ಪ್ರಕಾರ ಇದಕ್ಕೆ ಹಾಕುವ ಕಾಳಿನಲ್ಲಿ ನೂರಕ್ಕೆ 51 ಪಾಲಾದರೂ ಮುಸುಕಿನ ಜೋಳ ಇರಬೇಕು. ಕಾಳನ್ನು ನುಚ್ಚು ಮಾಡಿ, ಬೇಯಿಸಿ, ಹುದುಗು ಬರಿಸಿ, ಬಟ್ಟಿ ಇಳಿಸಿ, ಒಳಗೋಡೆಯನ್ನು ಬೆಂಕಿಯಲ್ಲಿ ಕರಕಲು ಮಾಡಿದ ಹೊಸ ಓಕ್ ಮರದ ಪೀಪಾಯಿಗೆ ತುಂಬಬೇಕು. ಬಟ್ಟಿಯಿಂದ ಇಳಿದಾಗ ಅದು ನೀರಿನ ಹಾಗೆ ಬೆಳ್ಳಗಿರುತ್ತದೆ. ಬಣ್ಣ ಬರೋದು ಸುಟ್ಟ ಮರದಿಂದ. ಜೋಳ ಕೆಂಪಗಿದ್ದರೂ ಹಳದಿ ಇದ್ದರೂ ಬಣ್ಣ ಅದೇ. ವ್ಯತ್ಯಾಸ ಗೊತ್ತಾಗೋದು ಮೂಗಿಗೆ, ನಾಲಿಗೆಗೆ.

ಮುಸುಕಿನ ಜೋಳ ಯುರೋಪಿನವರದಲ್ಲ. ಸುಮಾರು ಒಂಬತ್ತು ಸಾವಿರ ವರ್ಷದ ಹಿಂದೆ ಮೆಕ್ಸಿಕೋದ ಮೂಲನಿವಾಸಿಗಳು ಒಂದು ಕಾಡು ಹುಲ್ಲನ್ನು ಆರಿಸಿ ಆರಿಸಿ ತೆನೆ ಮಾಡಿದ ಬೆಳೆ. ಬಟ್ಟಿ ಇಳಿಸುವ ವಿದ್ಯೆ ಬಿಳಿಯರ ಜೊತೆ ಬಂತು. ದುಡಿದ ಕೈಗಳು? ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ತನ್ನ ಮೌಂಟ್ ವರ್ನನ್ ಜಮೀನಿನಲ್ಲಿ ವಿಸ್ಕಿ ಭಟ್ಟಿ ಇಟ್ಟಿದ್ದ. ಅಲ್ಲಿ ಕಾಳಿನ ಲೆಕ್ಕ ಹೀಗಿತ್ತು: ನೂರಕ್ಕೆ 60 ಪಾಲು ರೈ, 35 ಪಾಲು ಮುಸುಕಿನ ಜೋಳ, 5 ಪಾಲು ಮೊಳಕೆ ಬಾರ್ಲಿ. 1799ರಲ್ಲಿ ಅಲ್ಲಿ ಇಳಿದದ್ದು ಹತ್ತಿರ ಹತ್ತಿರ 11,000 ಗ್ಯಾಲನ್. ಮೇಲ್ವಿಚಾರಣೆಗೆ ಒಬ್ಬ ಸ್ಕಾಟ್ಲೆಂಡಿನವನು. ಭಟ್ಟಿಯಲ್ಲಿ ದುಡಿದವರು ಗುಲಾಮರು: ಹ್ಯಾನ್ಸನ್, ಪೀಟರ್, ನ್ಯಾಟ್, ಡೇನಿಯಲ್, ಜೇಮ್ಸ್, ತಿಮೋತಿ. ಅವರ ಹೆಸರು ಉಳಿದದ್ದು ಧಣಿಯ ದಾಖಲೆಯಲ್ಲಿ, ಆಸ್ತಿಯ ಬಾಬ್ತಿನಲ್ಲಿ. ಜ್ಯಾಕ್ ಡೇನಿಯಲ್ ಅನ್ನೋ ಹೆಸರು ನಮ್ಮ ಹಳ್ಳಿಯ ಬಾರಿನವನಿಗೂ ಗೊತ್ತು. ಆ ಹುಡುಗನಿಗೆ ಬಟ್ಟಿ ವಿದ್ಯೆ ಕಲಿಸಿದವನು ನಿಯರೆಸ್ಟ್ ಗ್ರೀನ್ ಅನ್ನೋ ಕರಿಯ ಗುಲಾಮ. ಈ ಗುರುವಿನ ಹೆಸರನ್ನು ಕಂಪನಿ ಲೋಕಕ್ಕೆ ಎತ್ತಿ ಹೇಳಲು ಶುರು ಮಾಡಿದ್ದು 2016ರ ಹೊತ್ತಿಗೆ, ತನ್ನ 150 ವರ್ಷದ ಸಂಭ್ರಮದಲ್ಲಿ.

ಇಷ್ಟೆಲ್ಲ ಓದಿದ ಮೇಲೂ ಕುಡಿಯೋಕೆ ನನಗೆ ಮನಸ್ಸಿರಲಿಲ್ಲ. ಅದಕ್ಕೂ ಒಂದು ಕಾರಣ ಅಲ್ಲೇ ಸಿಕ್ಕಿತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ತನ್ನ ಆತ್ಮಕತೆ ಪ್ರಕಟಿಸಿದ. ಕ್ರಿಸ್‌ಮಸ್ಸಿನಿಂದ ಹೊಸ ವರ್ಷದವರೆಗೆ ಗುಲಾಮರಿಗೆ ರಜೆ ಕೊಟ್ಟು ಧಣಿಗಳೇ ವಿಸ್ಕಿ ಕುಡಿಸುತ್ತಿದ್ದರಂತೆ. ಯಾರು ಹೆಚ್ಚು ಕುಡೀತಾರೆ ಅಂತ ಪಂಥ ಕಟ್ಟುತ್ತಿದ್ದರಂತೆ. ಕುಡಿದು, ಕಕ್ಕಿ, ಬಿದ್ದು ಎದ್ದವನಿಗೆ ಸ್ವಾತಂತ್ರ್ಯ ಅಂದರೆ ಇದೇ ಇರಬೇಕು, ಇದಕ್ಕಿಂತ ಧಣಿಯ ಹೊಲವೇ ವಾಸಿ ಅನ್ನಿಸಬೇಕು, ಅದು ಅವರ ಲೆಕ್ಕ. ದಂಗೆ ಏಳದಂತೆ ತಡೆಯೋದಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಧಣಿಗಳಿಗೆ ಇರಲಿಲ್ಲ ಅಂತ ಆತ ಹೇಳುತ್ತಾನೆ. ಓದುತ್ತಾ ನಮ್ಮೂರ ಹಬ್ಬಗಳು ಕಣ್ಮುಂದೆ ಬಂದವು. ಅಪ್ಪನ ಕೈಗೆ ಮೊದಲ ಲೋಟ ಕೊಟ್ಟದ್ದು ಯಾರು ಅನ್ನೋದು ನೆನಪಿಗೆ ಬಂತು.

ಜಿಮ್ಮಿ ರೆಡ್ ಆ ದ್ವೀಪದಲ್ಲಿ ಕಳ್ಳಬಟ್ಟಿಯವರ ಅಚ್ಚುಮೆಚ್ಚಿನ ಜೋಳ. ರಕ್ತಗೆಂಪು ಕಾಳು, ಎಣ್ಣೆ ಅಂಶ ಹೆಚ್ಚು. ಆದರೆ ಹೆಚ್ಚು ಇಳುವರಿಯ ಹಳದಿ ಜೋಳ ಬಂದ ಮೇಲೆ ಇದನ್ನು ಕೇಳುವವರಿಲ್ಲ. ಈ ಶತಮಾನದ ಆರಂಭಕ್ಕೆ ಬೆಳೆಯುವವನು ಒಬ್ಬ ಉಳಿದಿದ್ದ. ಅವನು ಸತ್ತಾಗ ಉಳಿದ ಎರಡು ತೆನೆ ಒಬ್ಬ ಬೀಜ ಕಾಯುವವನ ಕೈಗೆ ಬಂತು. ಅವನು ಅದನ್ನು ಬಿತ್ತಿ, ಹೆಚ್ಚಿಸಿ, ಹಂಚಿದ. 2014ರಲ್ಲಿ ಚಾರ್ಲ್ಸ್‌ಟನ್ನಿನ ಹೈ ವೈರ್ ಅನ್ನೋ ಭಟ್ಟಿಯವರು ಎರಡೂವರೆ ಎಕರೆಯಲ್ಲಿ ಇದನ್ನು ಬೆಳೆಸಿ, ಬೇರೆ ಕಾಳು ಬೆರೆಸದೆ ಬರ್ಬನ್ ಇಳಿಸಿದರು. ಹುದುಗು ಬರುವಾಗ ಮೇಲೆ ಎಣ್ಣೆಯ ಪದರ ಕಟ್ಟಿಕೊಂಡಿತಂತೆ. 2016ರಲ್ಲಿ ಮಾರಾಟಕ್ಕೆ ಬಂದಾಗ ಕೆಲವು ನೂರು ಬಾಟಲಿ ಕೆಲವೇ ನಿಮಿಷದಲ್ಲಿ ಖಾಲಿ.

ಮಗಳ ಜೊತೆ ಕೆಲಸ ಮಾಡುವ ಕರಿಯ ಹೆಣ್ಣುಮಗಳೊಬ್ಬಳು ಒಂದು ಭಾನುವಾರ ನಮ್ಮನ್ನು ಊಟಕ್ಕೆ ಕರೆದಳು. ಅವರ ಮನೆ ಜೇಮ್ಸ್ ಐಲ್ಯಾಂಡಿನಲ್ಲೇ. ಜಗಲಿಯಲ್ಲಿ ಅವಳ ತಾಯಿ ಕೂತಿದ್ದರು. ಎಂಬತ್ತು ದಾಟಿದ ಅಜ್ಜಿ. ಚರ್ಚಿನಿಂದ ಆಗ ತಾನೇ ಬಂದಿದ್ದರು, ತಲೆಯ ಮೇಲಿನ ಟೋಪಿ ತೆಗೆದಿರಲಿಲ್ಲ. ನನ್ನನ್ನು ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು. ಅವರ ಮಾತು ಪೂರ್ತಿ ನನಗೆ ತಿಳಿಯುತ್ತಿರಲಿಲ್ಲ. ಮಗಳು ಬಿಡಿಸಿ ಹೇಳಿದ್ದನ್ನು ನಮ್ಮ ಕೇರಿಯ ಮಾತಿನಲ್ಲಿ ಬರೆಯುತ್ತೇನೆ. ಅದೇ ಅದಕ್ಕೆ ಹೊಂದುತ್ತದೆ.

ಊಟ ಆದ ಮೇಲೆ ಅಳಿಯ ಎರಡು ಬಾಟಲಿ ತಂದ. ಒಂದು ಹಳದಿ ಜೋಳದ್ದು, ಒಂದು ಕೆಂಪು ಜೋಳದ್ದು. "ನಮ್ಮ ದ್ವೀಪದ ಕಾಳು, ರುಚಿ ನೋಡಿ" ಅಂದ. ನಾನು ಮಗಳ ಮುಖ ನೋಡಿದೆ. ಅವಳು, "ಅಪ್ಪ, ಬೇಡ ಅನ್ನಿಸಿದರೆ ಬೇಡ" ಅಂದಳು. ಅಜ್ಜಿಯೂ ನನ್ನನ್ನೇ ನೋಡುತ್ತಿದ್ದರು.

ಮೊದಲು ಹಳದಿಯದು. ಗಂಟಲು ಸುಟ್ಟಿತು. ಹಿಂದೆಯೇ ಸಿಹಿ ಬಂತು, ಮಿಠಾಯಿ ಅಂಗಡಿಯ ಸಿಹಿ. ಆಮೇಲೆ ಕೆಂಪು ಜೋಳದ್ದು. ಮೂಗಿನ ಹತ್ತಿರ ತಂದರೆ ಕೆಂಡದ ಮೇಲೆ ಸುಟ್ಟ ಎಳೆ ತೆನೆಯ ವಾಸನೆ. ಎರಡು ಹನಿ ನೀರು ಬಿಡು ಅಂದರು, ಬಿಟ್ಟೆ. ನಾಲಿಗೆಯ ಮೇಲೆ ಅದು ಜಾರಲಿಲ್ಲ, ಎಣ್ಣೆಯ ಹಾಗೆ ಕೂತಿತು. ಹುರಿದ ಕಡಲೆಕಾಯಿ, ಆಲೆಮನೆಯಲ್ಲಿ ಪಾಕ ಏರುವಾಗಿನ ಬೆಲ್ಲ, ಸ್ವಲ್ಪ ಹೊಗೆ. ಎಲ್ಲ ಇಳಿದ ಮೇಲೆ ಉಳಿದದ್ದು ಹಿಟ್ಟಿನ ರುಚಿ. ಬೀಸುವ ಕಲ್ಲಿನ ಪಕ್ಕ ಕೂತರೆ ಬಾಯಿಗೆ ಬರುತ್ತದಲ್ಲ, ಆ ರುಚಿ. ವಿಸ್ಕಿಯಲ್ಲಿ ಕಾಳಿನ ರುಚಿ ಇರುತ್ತದೆ ಅನ್ನೋದು ನನಗೆ ಗೊತ್ತಿರಲಿಲ್ಲ. ಅಪ್ಪ ಕುಡಿಯುತ್ತಿದ್ದ ಸಾರಾಯಿ ಯಾವುದರಿಂದ ಮಾಡಿದ್ದು ಅಂತ ಅವನೂ ಕೇಳಿರಲಿಲ್ಲ, ಕೊಟ್ಟವನೂ ಹೇಳಿರಲಿಲ್ಲ. ಉಳ್ಳವರಿಗೆ ರುಚಿ, ಇಲ್ಲದವರಿಗೆ ಅಮಲು. ಕುಡಿತದಲ್ಲೂ ಜಾತಿ ಇದೆ.

ಚೆನ್ನಾಗಿದೆ ಅಂದೆ. ನಿಜವಾಗಿಯೂ ಚೆನ್ನಾಗಿತ್ತು. ಆಗ ಅಜ್ಜಿ ಬಾಯಿ ಬಿಟ್ಟರು.

"ಆ ಜೋಳ ನಮ್ಮಪ್ಪನೂ ಬೆಳೀತಿದ್ದ ಕಣಣ್ಣ. ನಾವು ಅದ್ನ ಕುಡೀತಿರ್ನಿಲ್ಲ, ತಿಂತಿದ್ವಿ. ನುಚ್ಚು ಮಾಡಿ ಗಂಜಿ ಕಾಯ್ಸದು. ಕೆಂಪು ಚುಕ್ಕಿ ಚುಕ್ಕಿ ಗಂಜಿ. ಅದೋ, ಆ ಗೇಟು ಐತಲ್ಲ, ಅದ್ರಾಚೆ ಎಲ್ಲ ನಮ್ದೇ ಹೊಲ ಆಗಿತ್ತು."

ಗೇಟಿನಾಚೆ ಹೊಸ ಬಡಾವಣೆ. ಒಂದೇ ಅಚ್ಚಿನ ಮನೆಗಳು, ಕತ್ತರಿಸಿದ ಹುಲ್ಲು.

"ಮಾರಿದ್ರಾ?" ಅಂತ ಕೇಳಿದೆ.

"ನಾವ್ ಮಾರ್ನಿಲ್ಲ. ಮಾರುಸ್ಬುಟ್ರು."

ಆ ಮಾತಿನ ಹಿಂದೆ ನೂರೈವತ್ತು ವರ್ಷದ ಕತೆ ಇದೆ. ಅಂತರ್ಯುದ್ಧದ ಕೊನೆಯಲ್ಲಿ, 1865ರ ಜನವರಿ 16ರಂದು ಜನರಲ್ ಶರ್ಮನ್ ಒಂದು ಆಜ್ಞೆ ಹೊರಡಿಸಿದ. ಚಾರ್ಲ್ಸ್‌ಟನ್ನಿನಿಂದ ದಕ್ಷಿಣಕ್ಕಿರುವ ದ್ವೀಪಗಳ ಭೂಮಿ ಬಿಡುಗಡೆಯಾದ ಗುಲಾಮರಿಗೆ, ಸಂಸಾರಕ್ಕೆ 40 ಎಕರೆಯವರೆಗೆ. ಜನ ಹೋಗಿ ಬಿತ್ತನೆ ಮಾಡಿದರು. ಅದೇ ವರ್ಷ ಅಧ್ಯಕ್ಷ ಆಂಡ್ರೂ ಜಾನ್ಸನ್ ಆ ಭೂಮಿಯನ್ನು ಹಳೇ ಧಣಿಗಳಿಗೆ ವಾಪಸ್ ಕೊಡಿಸಿದ. ಆಮೇಲೆ ಕೂಲಿಯ ಕಾಸಿಗೆ ಕಾಸು ಸೇರಿಸಿ ಐದೋ ಹತ್ತೋ ಎಕರೆ ಕೊಂಡವರು ಕೊಂಡರು. ವಕೀಲರೂ ಕೋರ್ಟೂ ತಮ್ಮವಲ್ಲ ಅಂತ ಗೊತ್ತಿದ್ದ ಜನ ಮರಣಪತ್ರ ಬರೆಸಲಿಲ್ಲ. ಹೊಲ ಎಲ್ಲ ಮಕ್ಕಳಿಗೂ, ಮೊಮ್ಮಕ್ಕಳಿಗೂ ಜಂಟಿಯಾಗಿ ಉಳಿಯಿತು. ಇದೇ ಬಲೆಯಾಯಿತು. ದೂರದ ಊರು ಸೇರಿದ ಯಾವನೋ ಒಬ್ಬ ವಾರಸುದಾರನ ಚೂರು ಪಾಲನ್ನು ದುಡ್ಡಿನವನು ಕೊಳ್ಳುವುದು, ಕೋರ್ಟಿಗೆ ಹೋಗಿ ಪಾಲು ಮಾಡಿಕೊಡಿ ಅನ್ನುವುದು. ಪಾಲು ಮಾಡಲು ಬರುವುದಿಲ್ಲ ಅಂತ ಇಡೀ ಹೊಲ ಹರಾಜು. ಹರಾಜಿನಲ್ಲಿ ಕೂಗುವಷ್ಟು ದುಡ್ಡು ಇರೋದು ಯಾರ ಹತ್ತಿರ?

ಇದನ್ನು ತಡೆಯಲು ದಕ್ಷಿಣ ಕೆರೊಲಿನಾದಲ್ಲಿ 2016ರಲ್ಲಿ ಒಂದು ಕಾನೂನು ಬಂತು. ಆ ಪಾಲನ್ನು ಕೊಳ್ಳುವ ಮೊದಲ ಹಕ್ಕು ಮನೆಯವರಿಗೆ, ಬೆಲೆಯನ್ನು ನಿಷ್ಪಕ್ಷವಾಗಿ ಕಟ್ಟಬೇಕು ಅನ್ನುತ್ತದೆ ಅದು. ಕಾನೂನಿಗೆ ಕ್ಲೆಮೆಂಟಾ ಪಿಂಕ್ನಿಯವರ ಹೆಸರಿದೆ. 2015ರ ಜೂನ್ 17ರಂದು ಚಾರ್ಲ್ಸ್‌ಟನ್ನಿನ ಇಮ್ಯಾನ್ಯುಯೆಲ್ ಚರ್ಚಿನಲ್ಲಿ ಬೈಬಲ್ ಓದಲು ಕೂತಿದ್ದ ಒಂಬತ್ತು ಕರಿಯರನ್ನು ಬಿಳಿಯ ಜನಾಂಗದ್ವೇಷಿಯೊಬ್ಬ ಗುಂಡಿಟ್ಟು ಕೊಂದ. ಅವರಲ್ಲಿ ಪಾದ್ರಿ ಪಿಂಕ್ನಿ ಒಬ್ಬರು. ರಾಜ್ಯದ ಸೆನೆಟರ್ ಕೂಡ ಆಗಿದ್ದರು. ಅಜ್ಜಿಯ ಹೊಲ ಈ ಕಾನೂನಿಗಿಂತ ಮೊದಲೇ ಹೋಗಿತ್ತು.

ನಾನು ನಮ್ಮ ಎರಡೆಕರೆಯ ಕತೆ ಹೇಳಿದೆ. ಕರ್ನಾಟಕದಲ್ಲಿ 1978ರಲ್ಲಿ ಒಂದು ಕಾಯಿದೆ ಬಂತು: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಭೂಮಿಯನ್ನು ಕಾನೂನು ಮೀರಿ ಕೊಂಡಿದ್ದರೆ ಅದನ್ನು ಮೂಲದವರಿಗೆ ಬಿಡಿಸಿಕೊಡಬೇಕು. ನಾವು ಅರ್ಜಿ ಹಾಕಿದೆವು. ವರ್ಷಗಟ್ಟಲೆ ಅಲೆದ ಮೇಲೆ, ತಡವಾಗಿ ಬಂದಿದ್ದೀರಿ ಅಂತ ವಜಾ ಆಯಿತು. ಅಪ್ಪನಿಗೆ ಓದು ಬರದಿದ್ದದ್ದೇ ತಡ. 2023ರಲ್ಲಿ ಕಾಯಿದೆಗೆ ತಿದ್ದುಪಡಿಯಾಗಿ, ಇಂಥ ಅರ್ಜಿಗಳಿಗೆ ಕಾಲಮಿತಿ ಇಲ್ಲ ಅಂತಾಗಿದೆ. ನಾವು ಮತ್ತೆ ಅರ್ಜಿ ಹಾಕಿದ್ದೇವೆ. ಮಗಳು ಇದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳುತ್ತಿದ್ದರೆ ಅಜ್ಜಿ ತಲೆಯಾಡಿಸುತ್ತಿದ್ದರು. ನಡುವೆ ಎಲ್ಲೂ "ಹಾಗಂದ್ರೇನು?" ಅಂತ ಕೇಳಲಿಲ್ಲ. ಕೇಳುವ ಅಗತ್ಯ ಅವರಿಗೆ ಬೀಳಲಿಲ್ಲ.

ಬೀಜದ ಮಡಕೆಯ ವಿಷಯ ಬಂದಾಗ ಮಾತ್ರ ತಡೆದರು. "ಅದ್ಯಾವ ಕಾಳು?" ಅಂದರು. ರಾಗಿ ಅಂದೆ. ಅದು ನಿಮ್ಮ ಆಫ್ರಿಕದಿಂದಲೇ ಬಂದದ್ದು ಅಂದೆ. ಇದು ಸುಳ್ಳಲ್ಲ. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಸಾವಿರಾರು ವರ್ಷದ ಹಿಂದೆ ನಮ್ಮಲ್ಲಿಗೆ ಬಂತು. ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಮತ್ತೆ ಬೆಸೆದು ಹೊಸ ತಳಿ ಮಾಡಿ, ಇಂಡಿಯಾ ಆಫ್ರಿಕಾ ಎರಡನ್ನೂ ಸೇರಿಸಿ ಇಂಡಾಫ್ ಅಂತಲೇ ಹೆಸರಿಟ್ಟರು. ಅದನ್ನು ಬೆಳೆದು ಎಷ್ಟೋ ಹಳ್ಳಿಗಳು ಹಸಿವು ನೀಗಿಕೊಂಡವು. ಅಜ್ಜಿಯ ಹಿರಿಯರು ಆಫ್ರಿಕದ ಪಡುವಣ ಕರಾವಳಿಯವರು, ರಾಗಿ ಮೂಡಣದ್ದು. ಆದರೂ ಅವರಿಗೆ ಬಲು ಖುಷಿಯಾಯಿತು. "ಕಾಳು ನಮ್ಗಿಂತ ಮೊದ್ಲೇ ಹೊಂಟಿತ್ತು ನೋಡು" ಅಂದರು. "ಅದ್ರ ಕಾಲ್ಗೆ ಸರಪಣಿ ಇರ್ನಿಲ್ಲ."

ಅವರ ಮುಂದಿದ್ದ ಲೋಟವನ್ನು ಅವರು ಕೊನೆಯವರೆಗೂ ಮುಟ್ಟಲಿಲ್ಲ.

ಒಂದು ಬಾಟಲಿಯ ಬೆಲೆಗೆ ನಮ್ಮೂರಿನಲ್ಲಿ ಕ್ವಿಂಟಲಿಗಿಂತ ಹೆಚ್ಚು ರಾಗಿ ಬರುತ್ತದೆ. ಈ ಮಾತನ್ನು ಹೊಟ್ಟೆಕಿಚ್ಚಿಗೆ ಹೇಳುತ್ತಿಲ್ಲ. ಎರಡು ತೆನೆಯಿಂದ ಒಂದು ತಳಿ ಬದುಕಿ ಬಂದದ್ದು ದೊಡ್ಡ ಕೆಲಸ. ಅದನ್ನು ಬಿತ್ತಿದ ಕೈಗೆ, ಇಳಿಸಿದ ಕೈಗೆ ನನ್ನ ನಮಸ್ಕಾರ ಇದೆ. ಆದರೆ ಬೀಜ ಒಂದೇ ಉಳಿದರೆ ಸಾಲದು. ಗಂಜಿಯಾಗಿದ್ದ ಕಾಳು ಬಾಟಲಿಯಾಗಿ ವಾಪಸ್ ಬಂತು. ಗಂಜಿ ಕುಡಿಯುತ್ತಿದ್ದವರ ಹೊಲ ವಾಪಸ್ ಬರಲಿಲ್ಲ. ತಳಿಗೆ ಹೆಸರು ಬಂತು; ನೂರು ವರ್ಷ ಅದನ್ನು ಹಿತ್ತಲಿನಲ್ಲಿ, ಅಟ್ಟದಲ್ಲಿ, ಪೊಲೀಸರ ಕಣ್ಣು ತಪ್ಪಿಸಿ ಕಾಪಾಡಿದವರಿಗೆ ಹೆಸರು ಬರಲಿಲ್ಲ.

ಇದು ಅಮೆರಿಕದ ಮಾತು ಅಂತ ದೂರ ಇಡಬೇಡಿ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತ ಆಚರಿಸಿತು. ಬೆಂಗಳೂರಿನ ಅಂಗಡಿಗಳಲ್ಲಿ ಸಾಮೆ, ನವಣೆ, ರಾಗಿ ಈಗ ಬಣ್ಣದ ಚೀಲ ಹಾಕಿಕೊಂಡು ಕೂತಿವೆ. ಹಾಸ್ಟೆಲಿನಲ್ಲಿ ನಮ್ಮನ್ನು ಮುದ್ದೆ ತಿನ್ನೋರು ಅಂತ ಮೂಗು ಮುರಿದವರ ಮಕ್ಕಳು ಅದನ್ನು ಡಾಕ್ಟರು ಹೇಳಿದ ಅಂತ ತಿನ್ನುತ್ತಿದ್ದಾರೆ. ತಿನ್ನಲಿ, ಸಂತೋಷ. ನಾಳೆ ನಮ್ಮ ರಾಗಿಯನ್ನೂ ಬಟ್ಟಿ ಇಳಿಸಿ, ಹಳೇ ತಳಿ ಅಂತ ಚೀಟಿ ಅಂಟಿಸಿ, ಬೆಳಕಿನ ಕೆಳಗೆ ಇಟ್ಟಾರು. ಇಡಲಿ. ಆದರೆ ಹೀಗೆ ಯಾರಾದರೂ ನಿಮ್ಮ ಮುಂದೆ ಹಳೇ ತಳಿ ಉಳಿಸಿದ್ದೇವೆ ಅಂತ ಬಾಟಲಿಯನ್ನೋ ಚೀಲವನ್ನೋ ಎತ್ತಿ ತೋರಿಸಿದರೆ, ಗೆಳೆಯರೇ, ರುಚಿ ನೋಡಿ, ಬೇಡ ಅನ್ನೋಲ್ಲ. ಬೆಲೆ ಕೇಳುವ ಮುಂಚೆ ಪಹಣಿ ಕೇಳಿ. ಆ ಕಾಳು ಮೊದಲು ಬೆಳೆದ ಹೊಲ ಈಗ ಯಾರ ಹೆಸರಿನಲ್ಲಿದೆ ಅಂತ ಕೇಳಿ.